ನಿಮ್ಮ ‘ನ್ಯೂಸ್’ ಲೇಖನದ ಬಗ್ಗೆ

ನಮಸ್ಕಾರ.

‘ನ್ಯೂಸ್ ಪದದ ಕಥೆ’ಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಕೈಬಿಡುವಂಥ ಲೇಖನವೂ ಅಲ್ಲ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನಾರ್ತ್, ಈಸ್ಟ್, ವೆಸ್ಟ್, ಸೌತ್. ಈ ನಾಲ್ಕು ದಿಕ್ಕುಗಳ ಮೊದಲ ಅಕ್ಷರ ಸೇರಿ ನ್ಯೂಸ್ ಆಯಿತು ಎಂದಿದ್ದೀರಿ. ತುಂಬಾ ಜನ ನಂಬಿರುವ ಮಾತು, ಆದರೆ ನಿಜವಲ್ಲ. ನಾನೂರು ವರ್ಷದ ಹಿಂದಿನ ಇಂಗ್ಲಿಷ್ ಪುಸ್ತಕಗಳಲ್ಲಿ ಡಬ್ಲ್ಯು ಆದಮೇಲೆ ಇನ್ನೊಂದು ಇ ಹಾಕಿ ಈ ಪದವನ್ನು ಬರೆದದ್ದು ಧಾರಾಳವಾಗಿ ಸಿಗುತ್ತದೆ. ಆ ಎರಡನೇ ಇ ಯಾವ ದಿಕ್ಕು? ಮೊದಲ ಅಕ್ಷರ ಪೋಣಿಸಿ ಪದ ಕಟ್ಟುವ ರೂಢಿ ಜಾಸ್ತಿಯಾಗಿದ್ದೇ 20ನೇ ಶತಮಾನದಲ್ಲಿ. ರೇಡಾರ್ ಎಂಬ ಪದ ಬಂದದ್ದು ಹಾಗೆ. ನ್ಯೂಸ್ ಅದಕ್ಕಿಂತ ನೂರಾರು ವರ್ಷ ಹಳೆಯದು.

ನ್ಯೂ ಅಂದರೆ ಹೊಸ. ಬಹುವಚನದ ಎಸ್ ಸೇರಿದರೆ ‘ಹೊಸವು’. ಅಷ್ಟೇ. ಫ್ರೆಂಚರು ಸುದ್ದಿಗೆ ನುವೆಲ್ ಎನ್ನುತ್ತಿದ್ದರು, ಅದೂ ‘ಹೊಸವು’ ಎಂದೇ. ಇಂಗ್ಲಿಷಿನವರು ಆ ಜಾಡು ಹಿಡಿದರು. ಶೇಕ್ಸ್‌ಪಿಯರನ ನಾಟಕದಲ್ಲಿ ‘ದೀಸ್ ನ್ಯೂಸ್’ ಎಂಬ ಬಹುವಚನ ಸಿಗುವುದು ಇದರಿಂದಲೇ.

ಈಗ ನಿಮ್ಮ ಮೂರನೇ ಪುಟ ತೆಗೆಯಿರಿ. ಜಗಲಿ ಮೇಲೆ ಕೂತ ನಿಮ್ಮ ಅಜ್ಜಿ ಸಂತೆಯಿಂದ ಬಂದವರನ್ನೆಲ್ಲ ‘ಏನಪ್ಪಾ, ಏನು ಹೊಸ್ದು?’ ಎಂದು ಕೇಳುತ್ತಿದ್ದರು ಅಂತ ಬರೆದಿದ್ದೀರಿ. ನೀವು ಹುಡುಕುತ್ತಿದ್ದ ಕಥೆ ಅಲ್ಲೇ ಇದೆ, ಅಲ್ವಾ? ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ನ್ಯೂಸ್ ಹುಟ್ಟಿದ ದಾರಿಯಲ್ಲೇ ಅವರ ಮಾತೂ ನಡೆದಿದೆ. ಆ ಸಾಲು ಓದಿ ನನಗೆ ಮೈ ಜುಮ್ಮೆಂದಿತು. ನೀವು ಅದನ್ನು ಸುಮ್ನೆ ದಾಟಿ ಮತ್ತೆ ದಿಕ್ಕುಗಳಿಗೆ ಹೋಗಿಬಿಟ್ಟಿದ್ದೀರಿ. ನನಗೆ ಬೇಸರವಾಗಿದ್ದು ಅಲ್ಲಿ.

ಒಂದು ಇಸವಿಯೂ ತಪ್ಪಿದೆ. ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದದ್ದು 1843ರಲ್ಲಿ, 1834ರಲ್ಲಲ್ಲ. ಅಂಕಿ ಬರೆದ ಮೇಲೆ ಇನ್ನೊಮ್ಮೆ ನೋಡಿಕೊಳ್ಳಿ.

ಲೇಖನವನ್ನು ಅಜ್ಜಿಯಿಂದ ಶುರು ಮಾಡಿ. ದಿಕ್ಕಿನ ಕಥೆಗೆ ಎರಡು ಸಾಲು ಸಾಕು, ಅದೂ ತಪ್ಪು ನಂಬಿಕೆ ಎಂದು ಹೇಳಿ. ಅದು ಯಾವ ಊರಿನ ಸಂತೆ? ಬಂದವರು ಅಜ್ಜಿಗೆ ಏನು ಹೇಳುತ್ತಿದ್ದರು? ಮಳೆ, ಮದುವೆ, ಅಡಿಕೆ ರೇಟು, ಏನೇ ಇರಲಿ, ನೆನಪಿದ್ದಷ್ಟು ಬರೆಯಿರಿ. ಬರೆದು ನೇರ ನನಗೇ ಕಳಿಸಿ.