ರಕ್ತದ ವರದಿ ಹೇಳದ ಸೆರೊಟೋನಿನ್

ಮೂವತ್ತರ ಆಸುಪಾಸಿನ ಈ ಮಹಿಳೆಗೆ ಪ್ಯಾನಿಕ್ ಡಿಸಾರ್ಡರ್ (ತೀವ್ರ ಭಯ ಹಠಾತ್ತನೆ ಮತ್ತೆ ಮತ್ತೆ ನುಗ್ಗುವ ಕಾಯಿಲೆ) ಇರುವುದನ್ನು ಮನೋವೈದ್ಯರು ಗುರುತಿಸಿ, ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ಬರೆದುಕೊಟ್ಟಿದ್ದರು. ಇಸಿಜಿ ಮತ್ತು ಥೈರಾಯ್ಡ್ ಪರೀಕ್ಷೆಗಳಲ್ಲಿ ದೋಷವೇನೂ ಕಂಡಿರಲಿಲ್ಲ. ಮೊದಲ ವಾರದಲ್ಲೇ ಚಡಪಡಿಕೆ ಹೆಚ್ಚಿತೆಂದು ಮಾತ್ರೆ ಬಿಟ್ಟ ಅವರು, ಸೆರೊಟೋನಿನ್ ಕೊರತೆಯೇ ಇದಕ್ಕೆಲ್ಲ ಕಾರಣವೆಂದುಕೊಂಡು ತಾವಾಗಿಯೇ ರಕ್ತದ ಸೆರೊಟೋನಿನ್ ಪರೀಕ್ಷೆ ಮಾಡಿಸಿಕೊಂಡು, ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಬಂದಿದ್ದರು. ಇಂಥವರು ಮತ್ತೆ ಮತ್ತೆ ಬರುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

“ಸೆರೊಟೋನಿನ್ ನಾರ್ಮಲ್ ಇದೆಯಲ್ಲ ಮೇಡಂ, ಹಾಗಾದರೆ ನಾನೇ ದುರ್ಬಲಳು ಅಂತ ತಾನೇ ಅರ್ಥ?” ಎಂದು ಕೇಳುವಾಗಲೂ ಅವರ ಬಲಗೈ ಬೆರಳುಗಳು ಎಡಗೈಯ ನಾಡಿಯನ್ನು ಒತ್ತಿಕೊಂಡೇ ಇದ್ದವು.

ದೇಹದ ಸೆರೊಟೋನಿನ್‌ನಲ್ಲಿ ಶೇ. 90ರಷ್ಟು ತಯಾರಾಗುವುದು ಕರುಳಿನಲ್ಲಿ, ಮತ್ತು ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಆದ್ದರಿಂದ ಆ ವರದಿ ಮಿದುಳಿನ ಸ್ಥಿತಿಯನ್ನು ತಿಳಿಸದು, ಮನೋಬಲವನ್ನಂತೂ ಅಳೆಯುವುದೇ ಇಲ್ಲ. ಮಾತ್ರೆಯು ಸೆರೊಟೋನಿನ್ ಮರುಹೀರಿಕೆಯನ್ನು (ಹೊರಬಿಟ್ಟದ್ದನ್ನು ನರಕೋಶ ಮತ್ತೆ ಒಳಗೆಳೆದುಕೊಳ್ಳುವುದನ್ನು) ಕೆಲವೇ ಗಂಟೆಗಳಲ್ಲಿ ತಡೆದರೂ ನೆಮ್ಮದಿ ಕಾಣಲು ವಾರಗಳು ಬೇಕಾಗುವುದನ್ನು ನೋಡಿದರೆ, ಕೊರತೆ ತುಂಬಿದೊಡನೆ ಕಾಯಿಲೆ ವಾಸಿಯಾಗುತ್ತದೆಂಬ ವಿವರಣೆ ಸಾಲದು. ನರಜಾಲ ಹೊಂದಿಕೊಳ್ಳುವ ಆ ಆರಂಭದ ದಿನಗಳಲ್ಲಿ ಚಡಪಡಿಕೆ ಹೆಚ್ಚುವುದುಂಟು; ಅದಕ್ಕಾಗಿಯೇ ಈ ಕಾಯಿಲೆಗೆ ಕಡಿಮೆ ಪ್ರಮಾಣದಿಂದ ಶುರುಮಾಡುವುದು ರೂಢಿ.

ಇಷ್ಟನ್ನು ಕೇಳಿಯೂ ಅವರ ಬೆರಳು ನಾಡಿಯಿಂದ ಕದಲಲಿಲ್ಲ. ಹೃದಯದ ತಪಾಸಣೆ ಆಗಿದ್ದುದರಿಂದ, ನಿಂತಲ್ಲೇ ಒಂದು ನಿಮಿಷ ಓಡಲು ಹೇಳಿ ನಾನೂ ಅವರೊಂದಿಗೆ ಓಡಿದೆ. ಏದುಸಿರು ಬಿಡುತ್ತಾ ನಿಂತವರು ಕೊಂಚ ಹೊತ್ತು ಸುಮ್ಮನಿದ್ದು, “ಅದೇ ಬಡಿತ. ಆದರೆ ಯಾಕೆ ಬಂತು ಅಂತ ಗೊತ್ತಿತ್ತು, ಅದಕ್ಕೇ ಹೆದರಿಕೆಯಾಗಲಿಲ್ಲ” ಎಂದರು. ನಾನು ಹೇಳಬೇಕೆಂದಿದ್ದುದನ್ನು ಅವರೇ ಹೇಳಿದ್ದರು. ಓಡುವಾಗಲೂ ಪ್ಯಾನಿಕ್‌ನಲ್ಲೂ ಎದೆಬಡಿತ ಏರಿಸುವುದು ತುರ್ತಿಗೆ ದೇಹವನ್ನು ಸಜ್ಜುಗೊಳಿಸುವ ಅದೇ ಸಿಂಪಥೆಟಿಕ್ ನರವ್ಯೂಹ. ಆ ಬಡಿತವನ್ನು ಅಪಾಯವೆಂದು ಓದಿಕೊಂಡಾಗ ಭಯ ಇಮ್ಮಡಿಸುತ್ತದೆ. ಒತ್ತಡದ ಹಾರ್ಮೋನೆಂದು ಹೆಸರಾದ ಕಾರ್ಟಿಸೋಲ್, ತಾನಾಗಿ ಬರುವ ಪ್ಯಾನಿಕ್‌ನಲ್ಲಿ ಎಷ್ಟೋ ಸಲ ಹೇಳಿಕೊಳ್ಳುವಷ್ಟು ಏರುವುದೇ ಇಲ್ಲ. ಹೀಗಿರುವಾಗ “ಹಾರ್ಮೋನು ಕೆಟ್ಟಿದೆ” ಎಂಬ ಒಂದೇ ಮಾತಿನಲ್ಲಿ ಇದನ್ನು ಮುಗಿಸಲು ನನಗೆ ಒಪ್ಪಿಗೆಯಿಲ್ಲ.

ನಾನು ಕೊಟ್ಟ ಸಲಹೆ ಇದು: ಮನೋವೈದ್ಯರ ಬಳಿಗೆ ಮರಳಿ ಹೋಗಿ ಮಾತ್ರೆ ಬಿಟ್ಟ ಕಾರಣವನ್ನು ಮುಚ್ಚಿಡದೆ ಹೇಳಬೇಕು, ಕಡಿಮೆ ಪ್ರಮಾಣದಿಂದ ಆರಂಭಿಸಬಹುದೇ ಎಂದು ಕೇಳಬೇಕು, ಗುಣವಿದೆಯೋ ಇಲ್ಲವೋ ಎಂಬ ತೀರ್ಮಾನಕ್ಕೆ ನಾಲ್ಕರಿಂದ ಆರು ವಾರ ಕಾಯಬೇಕು. ಪ್ಯಾನಿಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಇಳಿಯುವುದರಿಂದ, ಅದು ಬಂದಾಗ ಇದ್ದಲ್ಲಿಂದ ಓಡಿಹೋಗದೆ ನಿಲ್ಲುವುದನ್ನು ಅಭ್ಯಾಸ ಮಾಡಬೇಕು. ಆಪ್ತಸಲಹೆಗಾರರು ಔಷಧದ ಮಾತೆತ್ತಬಾರದೆಂಬ ಆಕ್ಷೇಪವನ್ನು ನಾನು ಬಲ್ಲೆ. ಪ್ರಮಾಣ ನಿರ್ಧರಿಸುವುದು ವೈದ್ಯರ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆದರಿ ಮಾತ್ರೆ ಬಿಟ್ಟು ಬಂದವರ ಮುಂದೆ ಸುಮ್ಮನೆ ಕೂರಲು ನನ್ನಿಂದಾಗದು.

ಅವರು ವೈದ್ಯರಲ್ಲಿಗೆ ಮರಳಿದ್ದಾರೆ, ಚಿಕಿತ್ಸೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರುವಾಗಿದೆ. ಎದೆಬಡಿತಕ್ಕೆ ಹೆದರದಿರುವ ನಮ್ಮ ಅಭ್ಯಾಸ ಈಗ ಮೆಟ್ಟಿಲು ಹತ್ತುವುದರ ತನಕ ಬಂದಿದೆ.