ನೀರಿಗೆ ಬಿದ್ದ ಮೇಲೆ ಸಣ್ಣ ದೋಣಿಗೆ ಮತ್ತೆ ಹತ್ತುವುದು ಹೇಗೆ?

ಚೆನ್ನಾಗಿ ಈಜು ಬಲ್ಲವರಾದರೂ ನಾಲ್ಕು ಮೀಟರ್ ಉದ್ದದ ನಿಮ್ಮ ಹುಟ್ಟಿನ ದೋಣಿಗೆ ನೀರಿನಿಂದ ಹತ್ತಲು ಆಗಲಿಲ್ಲವೆಂದೂ, ಅಂಚು ಹಿಡಿದು ಎಳೆದುಕೊಂಡಷ್ಟೂ ಕಾಲುಗಳು ದೋಣಿಯ ಅಡಿಗೆ ಸರಿದವೆಂದೂ ಬರೆದಿದ್ದೀರಿ. ತೋಳಿನ ಬಲ ಹೆಚ್ಚಿಸಿಕೊಳ್ಳಲು ವ್ಯಾಯಾಮ ಮಾಡಬೇಕೇ ಎಂದು ಕೇಳಿದ್ದೀರಿ. ವ್ಯಾಯಾಮದಿಂದ ನಷ್ಟವೇನೂ ಇಲ್ಲ, ಆದರೆ ಅದನ್ನೇ ನಂಬಿ ದೋಣಿ ಹೊರಡಿಸಬೇಡಿ. ಸಣ್ಣ ದೋಣಿ ನಡೆಸುವುದನ್ನು ಕಲಿಸುವ ಕೆಲಸದಲ್ಲಿ ನಾನು ಬಹುಕಾಲದಿಂದ ಇದ್ದೇನೆ. ಗಟ್ಟಿಮುಟ್ಟಾದ ಯುವಕರು ಅಂಚಿಗೆ ಜೋತುಬಿದ್ದು ಸುಸ್ತಾಗುವುದನ್ನೂ, ಅವರ ಅರ್ಧದಷ್ಟು ಬಲವಿಲ್ಲದವರು ಹಗ್ಗದ ಒಂದು ಕುಣಿಕೆಯ ನೆರವಿನಿಂದ ಒಳಗೆ ಬರುವುದನ್ನೂ ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ನನ್ನ ಉತ್ತರದ ಮುಖ್ಯ ಮಾತು ಇಷ್ಟೇ: ನೀರಿನಲ್ಲಿರುವವನ ಕೈಗೆ ಎಟುಕುವಂಥ ಒಂದು ಮೆಟ್ಟಿಲು ದಡ ಬಿಡುವ ಮೊದಲೇ ದೋಣಿಯಲ್ಲಿ ಸಿದ್ಧವಾಗಿರಬೇಕು.

ಕಾಲುಗಳು ಅಡಿಗೆ ಹೋಗುವುದಕ್ಕೆ ಕಾರಣವಿದೆ. ನೀರಿನಲ್ಲಿ ನೆಟ್ಟಗೆ ನಿಂತ ಭಂಗಿಯಲ್ಲಿ ಅಂಚನ್ನು ಹಿಡಿದು ಎಳೆದರೆ ಎದೆ ದೋಣಿಯ ಪಕ್ಕಕ್ಕೆ ಒತ್ತಿಕೊಳ್ಳುತ್ತದೆ. ದೋಣಿಯ ಪಕ್ಕ ಕೆಳಗೆ ಹೋದಂತೆ ಒಳಕ್ಕೆ ಬಾಗಿರುವುದರಿಂದ ಸೊಂಟದ ಕೆಳಗಿನ ಭಾಗಕ್ಕೆ ತಡೆಯೇ ಇರುವುದಿಲ್ಲ, ಅದು ತಾನಾಗಿ ಅಡಿಗೆ ತೇಲಿಹೋಗುತ್ತದೆ. ಆಮೇಲೆ ಎಷ್ಟು ಎಳೆದರೂ ಮೈ ಹಿಂದಕ್ಕೆ ವಾಲುತ್ತದೆಯೇ ಹೊರತು ಮೇಲೇರುವುದಿಲ್ಲ. ಇನ್ನೊಂದು ವಿಷಯವನ್ನೂ ಗಮನಿಸಿ: ನೆನೆದ ಬಟ್ಟೆ ನೀರಿನೊಳಗೆ ಇರುವಷ್ಟು ಹೊತ್ತು ಭಾರವೆನಿಸುವುದಿಲ್ಲ, ಆದರೆ ಮೈ ನೀರಿನಿಂದ ಹೊರಗೆ ಬಂದ ಕ್ಷಣದಿಂದ ಬಟ್ಟೆಯೊಳಗೆ ತುಂಬಿಕೊಂಡ ನೀರನ್ನೂ ನೀವೇ ಎತ್ತಬೇಕಾಗುತ್ತದೆ.

ಯಾವ ಸಲಕರಣೆಯೂ ಇಲ್ಲದಿದ್ದಾಗ ಮಾಡಬೇಕಾದದ್ದು ಹೀಗೆ. ಎರಡೂ ಕೈಗಳಿಂದ ಅಂಚನ್ನು ಹಿಡಿದು, ತೋಳುಗಳನ್ನು ಪೂರ್ತಿ ಚಾಚಿ, ದೋಣಿಯಿಂದ ದೂರಕ್ಕೆ ಮೈಯನ್ನು ಉದ್ದವಾಗಿ ನೀಡಿ, ಮುಖವನ್ನು ನೀರಿಗೆ ತಗ್ಗಿಸಿ, ಪಾದಗಳು ನೀರಿನ ಮೇಲ್ಮೈಗೆ ಬರುವವರೆಗೆ ಕಾಲು ಬಡಿಯಿರಿ. ತಲೆ ಎತ್ತಿದರೆ ಕಾಲು ಮುಳುಗುತ್ತದೆ, ಹೆಚ್ಚಿನವರು ಎಡವುವುದು ಇಲ್ಲಿಯೇ. ಮೈ ನೀರಿನ ಮಟ್ಟಕ್ಕೆ ಅಡ್ಡಡ್ಡಲಾಗಿ ಬಂದ ಮೇಲೆ ಜೋರಾಗಿ ಕಾಲು ಬಡಿಯುತ್ತ, ಅಂಚನ್ನು ಹೊಟ್ಟೆಯ ಕಡೆಗೆ ಎಳೆದುಕೊಳ್ಳುವಂತೆ ಮುಂದಕ್ಕೆ ನುಗ್ಗಿ. ಎದೆ ಅಂಚನ್ನು ದಾಟುತ್ತಿದ್ದಂತೆ ಎಳೆಯುವುದನ್ನು ಬಿಟ್ಟು ಅಂಗೈಗಳಿಂದ ಕೆಳಕ್ಕೆ ಒತ್ತಿ. ಹೊಟ್ಟೆ ಅಂಚಿನ ಮೇಲೆ ಬಂದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ಅಲ್ಲಿ ಎರಡು ಉಸಿರು ನಿಂತು ಬಟ್ಟೆಯ ನೀರು ಸುರಿದುಹೋಗಲು ಬಿಡಿ, ಬಳಿಕ ಕೂರುವ ಅಡ್ಡಹಲಗೆಯನ್ನು ಹಿಡಿದು ಒಳಕ್ಕೆ ಜಾರಿ ಮಗ್ಗುಲಾಗಿ ಉರುಳಿ. ಎದ್ದು ನಿಲ್ಲಲು ಅವಸರ ಮಾಡಬೇಡಿ, ದೋಣಿಯ ತಳದಲ್ಲಿಯೇ ಸ್ವಲ್ಪ ಹೊತ್ತು ಮಲಗಿರಿ.

ಎಲ್ಲಿಂದ ಹತ್ತಬೇಕು ಎಂಬುದೂ ಅಷ್ಟೇ ಮುಖ್ಯ. ನಿಮ್ಮದರಂಥ ಹಗುರ ದೋಣಿಯ ಪಕ್ಕದ ಅಂಚಿಗೆ ಇಡೀ ಮೈಭಾರ ಬಿದ್ದರೆ ಅದು ನಿಮ್ಮ ಕಡೆಗೆ ವಾಲಿ ನೀರು ತುಂಬಿಕೊಳ್ಳಬಹುದು ಅಥವಾ ಮಗುಚಬಹುದು. ಹಿಂಬದಿಯ ಹಲಗೆಯ ಮೇಲಿಂದ ಹತ್ತಿದರೆ ಭಾರ ದೋಣಿಯ ಉದ್ದಕ್ಕೆ ಬೀಳುವುದರಿಂದ ಮಗುಚುವ ಭಯ ಕಡಿಮೆ, ಜೊತೆಗೆ ಬಹಳಷ್ಟು ದೋಣಿಗಳಲ್ಲಿ ಆ ಭಾಗವೇ ನೀರಿಗೆ ಹತ್ತಿರವಾಗಿರುತ್ತದೆ. ಆದರೆ ಹಿಂಬದಿಯಲ್ಲಿ ಇಂಜಿನ್ ಇದ್ದರೆ ಅದು ಪೂರ್ತಿ ಬಂದ್ ಆಗುವವರೆಗೆ ಯಾರೂ ಹತ್ತಿರ ಸುಳಿಯಬಾರದು. ನ್ಯೂಟ್ರಲ್‌ನಲ್ಲಿ ಇಟ್ಟಿದ್ದೇವೆ ಎಂಬ ಸಮಾಧಾನ ಸಾಲದು, ಏಕೆಂದರೆ ಹತ್ತುವ ಗಡಿಬಿಡಿಯಲ್ಲಿ ಗೇರ್ ಹಿಡಿಗೆ ಒಂದು ಕೈ ತಗುಲಿದರೂ ಪ್ರೊಪೆಲ್ಲರ್ ತಿರುಗತೊಡಗುತ್ತದೆ. ಇಂಜಿನ್ ದೋಣಿ ನಡೆಸುವವರು ಬಿದ್ದ ಕೂಡಲೇ ಇಂಜಿನ್ ನಿಲ್ಲಿಸುವ ಕಿಲ್ ಕಾರ್ಡನ್ನು ಮೈಗೆ ಕಟ್ಟಿಕೊಂಡಿರಬೇಕು. ಇಲ್ಲದಿದ್ದರೆ ಹತ್ತುವ ಪ್ರಶ್ನೆಯೇ ಏಳುವುದಿಲ್ಲ. ಚಾಲಕನಿಲ್ಲದ ದೋಣಿ ದೂರ ಹೋಗುತ್ತದೆ, ಅಥವಾ ಸುತ್ತು ಹಾಕಿ ನಿಮ್ಮ ಮೇಲೆಯೇ ಬರುತ್ತದೆ.

ಈಗ ಕುಣಿಕೆಯ ವಿಷಯಕ್ಕೆ ಬರುತ್ತೇನೆ. ಕುದುರೆಯ ಜೀನಿಗೆ ರಿಕಾಪು ಹೇಗೋ ಹಾಗೆ ದೋಣಿಗೆ ಇದು. ಹಿಂಬದಿಯ ಮೂಲೆಯಲ್ಲಿರುವ ಗಟ್ಟಿಯಾದ ಬಳೆಗೋ ಅಡ್ಡಹಲಗೆಗೋ ಹಗ್ಗದ ಒಂದು ತುದಿಯನ್ನು ಕಟ್ಟಿ, ಇನ್ನೊಂದು ತುದಿಯಲ್ಲಿ ಶೂ ಹಾಕಿದ ಪಾದ ಸಲೀಸಾಗಿ ಹೋಗಿಬರುವಷ್ಟು ದೊಡ್ಡ, ಬಿಗಿದುಕೊಳ್ಳದ ಕುಣಿಕೆ ಮಾಡಿ. ಅದು ನೀರಿನ ಮಟ್ಟಕ್ಕಿಂತ ಸುಮಾರು ಅರ್ಧ ಮೀಟರ್ ಕೆಳಗೆ ತೂಗಬೇಕು. ತೀರ ಮೇಲಿದ್ದರೆ ಪಾದವನ್ನು ಅಷ್ಟೆತ್ತರಕ್ಕೆ ತರಲಾಗದು, ತೀರ ಕೆಳಗಿದ್ದರೆ ಅದರ ಮೇಲೆ ನಿಂತರೂ ಸೊಂಟ ಅಂಚಿನ ಎತ್ತರಕ್ಕೆ ಬರದು. ಹಗ್ಗದ ಆಯ್ಕೆಯಲ್ಲಿ ಎಚ್ಚರವಿರಲಿ: ಪಾಲಿಪ್ರೊಪಿಲೀನ್ ಹಗ್ಗ ತೇಲುವುದರಿಂದ ಕುಣಿಕೆ ಮೇಲೆಯೇ ತೇಲಿಕೊಂಡು ಕಾಲಿಗೆ ಸಿಗುವುದಿಲ್ಲ, ನೈಲಾನ್ ಹಗ್ಗ ಮುಳುಗುತ್ತದೆ. ಕುಣಿಕೆಯ ತಳಕ್ಕೆ ಒಂದು ಗೇಣು ಉದ್ದದ ಗಟ್ಟಿ ಪೈಪಿನ ತುಂಡನ್ನು ಪೋಣಿಸಿದರೆ ಬಾಯಿ ತೆರೆದೇ ಇರುತ್ತದೆ, ಭಾರ ಬಿದ್ದಾಗ ಹಗ್ಗ ಪಾದವನ್ನು ಹಿಂಡುವುದೂ ಇಲ್ಲ.

ಕುಣಿಕೆಯಲ್ಲಿ ಪಾದವಿಟ್ಟು ಮುಂದಕ್ಕೆ ಒದ್ದರೆ ಅದೂ ದೋಣಿಯ ಅಡಿಗೇ ಹೋಗುತ್ತದೆ. ಮೊಣಕಾಲನ್ನು ದೋಣಿಗೆ ಒತ್ತಿ ಹಿಡಿದು, ಪಾದವನ್ನು ಸೊಂಟದ ನೇರ ಕೆಳಗೆ ತಂದುಕೊಂಡು, ಕೆಳಕ್ಕೆ ತುಳಿಯುತ್ತ ಎದ್ದು ನಿಲ್ಲಬೇಕು. ಹಾಗೆ ಮಾಡಿದಾಗ ತೊಡೆಯ ಸ್ನಾಯುಗಳು ಕೆಲಸ ಮಾಡುತ್ತವೆ, ಅವು ತೋಳಿಗಿಂತ ಎಷ್ಟೋ ಪಾಲು ಬಲಶಾಲಿ. ಮಡಿಸುವ ಏಣಿಯಿದ್ದರೆ ಇನ್ನೂ ಒಳ್ಳೆಯದು, ಆದರೆ ಅದನ್ನು ಬಿಡಿಸುವ ಚಿಲಕ ದೋಣಿಯ ಒಳಗಡೆ ಇರಬಾರದು. ನೀರಿನಲ್ಲಿರುವ ವ್ಯಕ್ತಿ ಯಾರ ನೆರವೂ ಇಲ್ಲದೆ ತಾನೇ ಬಳಸಬಹುದಾದ, ಅಥವಾ ಇಳಿಸಿಕೊಳ್ಳಬಹುದಾದ ಹತ್ತುವ ವ್ಯವಸ್ಥೆ ಇರಬೇಕೆಂದು ಐರೋಪ್ಯ ಒಕ್ಕೂಟ 2013ರಲ್ಲಿ ವಿಹಾರ ದೋಣಿಗಳಿಗಾಗಿ ಹೊರಡಿಸಿದ ನಿರ್ದೇಶನದಲ್ಲಿಯೇ ಹೇಳಿದೆ. ಕುಣಿಕೆಯನ್ನೂ ಹಾಗೆಯೇ ಸುತ್ತಿ, ಹೊರಗಿನಿಂದ ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವಂತೆ ಕಟ್ಟಿಡಿ. ಪೆಟ್ಟಿಗೆಯಲ್ಲಿ ಭದ್ರವಾಗಿರುವ ಕುಣಿಕೆಯಿಂದ ನೀರಿಗೆ ಬಿದ್ದವನಿಗೆ ಯಾವ ಉಪಯೋಗವೂ ಇಲ್ಲ.

ನೀರು ತಣ್ಣಗಿದ್ದರೆ ಇದೆಲ್ಲದಕ್ಕೂ ಸಮಯದ ಮಿತಿ ಬಂದುಬಿಡುತ್ತದೆ. ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಕೊರೆಯುವ ನೀರಿಗೆ ಸಂಬಂಧಿಸಿ 1-10-1 ಎಂಬ ಲೆಕ್ಕವನ್ನು ಪ್ರಚಾರಕ್ಕೆ ತಂದಿದ್ದಾರೆ: ಉಸಿರಾಟ ಹತೋಟಿಗೆ ಬರಲು ಸುಮಾರು 1 ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವವರೆಗೆ ಸುಮಾರು 1 ಗಂಟೆ. ಅಂದರೆ ಮೊದಲ ನಿಮಿಷ ದೋಣಿಯನ್ನು ಹಿಡಿದುಕೊಂಡು ಉಸಿರನ್ನು ಮಾತ್ರ ನೋಡಿಕೊಳ್ಳಿ, ಅನಂತರ ಬೆರಳುಗಳು ಮರಗಟ್ಟುವ ಮುನ್ನ ಹತ್ತುವ ಪ್ರಯತ್ನ ಮಾಡಿ. ಲೈಫ್ ಜಾಕೆಟ್ ಅಂಚಿಗೆ ಸಿಕ್ಕಿಕೊಂಡು ತೊಡಕಾಗುವುದು ನಿಜ, ಆದರೂ ಅದನ್ನು ಬಿಚ್ಚಲೇಬೇಡಿ. ನಡುವೆ ವಿಶ್ರಾಂತಿ ಪಡೆಯಲು ನಿಮಗಿರುವ ಆಸರೆ ಅದೊಂದೇ.

ಹತ್ತಲು ಆಗಲೇ ಇಲ್ಲವೆಂದಾದರೂ ದೋಣಿಯನ್ನು ಬಿಟ್ಟು ದಡದ ಕಡೆಗೆ ಈಜಬೇಡಿ. ದಡ ಕಾಣುವುದಕ್ಕಿಂತ ದೂರವಿರುತ್ತದೆ, ಹುಡುಕುವವರ ಕಣ್ಣಿಗೆ ಮನುಷ್ಯನ ತಲೆಗಿಂತ ದೋಣಿ ಬೇಗ ಬೀಳುತ್ತದೆ. ಮಗುಚಿದ ದೋಣಿಯ ಬೆನ್ನಿನ ಮೇಲಾದರೂ ಮೈಯನ್ನು ಆದಷ್ಟು ನೀರಿನಿಂದ ಹೊರಗೆ ಎಳೆದುಕೊಳ್ಳಿ.

ದೋಣಿಯಲ್ಲಿ ಇಬ್ಬರಿದ್ದು ಒಬ್ಬರು ನೀರಿನಲ್ಲಿರುವವರನ್ನು ಎಳೆದುಕೊಳ್ಳುವಾಗ, ಇನ್ನೊಬ್ಬರು ಎದುರು ಬದಿಗೆ ಸರಿದು ತಳದಲ್ಲಿ ಕುಳಿತು ಸಮತೋಲ ಕಾಯಬೇಕು. ಎಳೆಯುವವರು ಮಣಿಕಟ್ಟನ್ನು ಹಿಡಿಯದೆ ಲೈಫ್ ಜಾಕೆಟ್ಟಿನ ಭುಜದ ಪಟ್ಟಿಗಳನ್ನು ಹಿಡಿಯಲಿ. ನೀರಿನವರು ಕಾಲು ಬಡಿಯುವ ಹೊತ್ತಿಗೇ ಎಳೆದರೆ ಅರ್ಧ ಭಾರವನ್ನು ನೀರೇ ಹೊರುತ್ತದೆ. ಬಹಳ ಹೊತ್ತು ತಣ್ಣೀರಿನಲ್ಲಿದ್ದವರನ್ನು ಮಾತ್ರ ಸಾಧ್ಯವಾದಷ್ಟೂ ಅಡ್ಡಲಾಗಿ ಮಲಗಿದ ಭಂಗಿಯಲ್ಲಿ ಮೇಲೆತ್ತಬೇಕು. ನೀರಿನ ಒತ್ತಡ ಕಾಲುಗಳಿಂದ ಒಮ್ಮೆಲೇ ಸರಿದರೆ ರಕ್ತ ಕೆಳಕ್ಕಿಳಿದು ರಕ್ತದೊತ್ತಡ ಕುಸಿಯುತ್ತದೆ, ಅವರು ದೋಣಿಯೊಳಗೆ ಬಂದ ಮೇಲೆಯೇ ಕುಸಿದು ಬೀಳುವ ಅಪಾಯವಿರುತ್ತದೆ.

ಕುಣಿಕೆ ಕಟ್ಟಿದ ಮೇಲೆ ದಡದ ಹತ್ತಿರ, ಗಾಳಿಯಿಲ್ಲದ ದಿನ, ಜೊತೆಗೊಬ್ಬರನ್ನು ಇಟ್ಟುಕೊಂಡು, ನೀವು ದಿನವೂ ತೊಡುವ ಬಟ್ಟೆ, ಶೂ, ಲೈಫ್ ಜಾಕೆಟ್ ಸಹಿತ ನೀರಿಗಿಳಿದು ಹತ್ತಿ ನೋಡಿ. ಕಾಲು ನೆಲಕ್ಕೆ ಎಟುಕುವ ಕಡೆ ಮಾಡಿದರೆ ತಿಳಿಯದಂತೆ ನೆಲವನ್ನು ಒದ್ದು ಏರಿಬಿಡುತ್ತೀರಿ, ಆದ್ದರಿಂದ ನೆಲ ಸಿಗದಷ್ಟು ಆಳವಿರಲಿ. ಹಗ್ಗದ ಉದ್ದ ಮೊದಲ ಸಲಕ್ಕೆ ಸರಿಹೋಗುವುದು ಅಪರೂಪ. ನಾಲ್ಕಾರು ಬೆರಳಿನಷ್ಟು ಏರಿಸಿ ಇಳಿಸಿ ನೋಡಿ, ಸರಿಯಾದ ಅಳತೆ ಸಿಕ್ಕ ಮೇಲೆ ಗಂಟನ್ನು ಗಟ್ಟಿ ಮಾಡಿ.