ಆಂಕೋರ್‌ಗೆ ಒಬ್ಬರೇ, ಜೊತೆಗೊಂದು ಕ್ಯಾಮೆರಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಾಂಬೋಡಿಯಾದ ಸಿಯೆಮ್ ರೀಪ್‌ನಲ್ಲಿ ನನಗೆ ಸಿಗುವುದು ಒಂದೇ ದಿನ. ಒಬ್ಬಳೇ ಹೋಗುತ್ತಿದ್ದೇನೆ. ಆಂಕೋರ್ ವಾಟ್, ತಾ ಪ್ರೋಮ್, ಬಾಯೋನ್ ಮೂರನ್ನೂ ಚೆನ್ನಾಗಿ ಫೋಟೊ ತೆಗೆಯಲು ಆಗುತ್ತದೆಯೇ?

ಉತ್ತರ: ಆಗುತ್ತದೆ, ಆದರೆ ದೂರದ ಬಾಂತೇ ಸ್ರೇ ಗುಡಿಯ ಆಸೆಯನ್ನು ಈ ಸಲಕ್ಕೆ ಬಿಡಿ. ಯಾವ ಗುಡಿ ಮೊದಲು ಎಂಬುದನ್ನು ನಕ್ಷೆ ನೋಡಿ ತೀರ್ಮಾನಿಸಬೇಡಿ, ಬಿಸಿಲು ನೋಡಿ ತೀರ್ಮಾನಿಸಿ. ರಾಜ ಎರಡನೇ ಸೂರ್ಯವರ್ಮ 12ನೇ ಶತಮಾನದಲ್ಲಿ ಕಟ್ಟಿಸಿದ ಆಂಕೋರ್ ವಾಟ್‌ನ ಮುಖ ಪಶ್ಚಿಮಕ್ಕಿದೆ. ಬೆಳಿಗ್ಗೆ ಸೂರ್ಯ ಗೋಪುರಗಳ ಬೆನ್ನ ಹಿಂದೆ ಹುಟ್ಟುವುದರಿಂದ ಸಿಗುವುದು ಕಪ್ಪು ಆಕಾರ ಮತ್ತು ಕೊಳದಲ್ಲಿ ಅದರ ಪ್ರತಿಬಿಂಬ ಮಾತ್ರ. ಕಲ್ಲಿನ ಬಣ್ಣ ಬೇಕೆಂದರೆ ಮಧ್ಯಾಹ್ನ ಮೂರರ ನಂತರ ಮತ್ತೆ ಬರಲೇಬೇಕು.

ಆಂಕೋರ್ ವಾಟ್ ಬೆಳಿಗ್ಗೆ 5ಕ್ಕೇ ತೆರೆಯುತ್ತದೆ. ಒಳಗೆ ಹೋಗುವಾಗ ಎಡಕ್ಕೆ ಸಿಗುವ ಕೊಳದ ದಡದಲ್ಲಿ ಜಾಗ ಹಿಡಿಯಿರಿ. ಸೂರ್ಯ ಮೇಲೆ ಬರುವುದಕ್ಕಿಂತ ಅದಕ್ಕೆ ಮುಂಚಿನ ಇಪ್ಪತ್ತು ನಿಮಿಷದ ಬಣ್ಣವೇ ಹೆಚ್ಚು ಬೆಲೆಬಾಳುವುದು. ಏಳು ಗಂಟೆಗೆ ಹೊರಟುಬಿಡಿ. ತಾ ಪ್ರೋಮ್ ತೆರೆಯುವುದು 7:30ಕ್ಕೆ. ಸೂರ್ಯೋದಯ ನೋಡಿದ ಬಹಳಷ್ಟು ಜನ ತಿಂಡಿಗೆ ಹೋಟೆಲ್‌ಗೆ ಮರಳುವ ಹೊತ್ತದು. ತಿಂಡಿ ಕಟ್ಟಿಸಿಕೊಂಡು ಹೋದರೆ ಅಲ್ಲಿ ಒಂದಷ್ಟು ಹೊತ್ತು ಗದ್ದಲವಿಲ್ಲದೆ ಸಿಗುತ್ತದೆ. ಆಮೇಲೆ ಬಾಯೋನ್. ಅಲ್ಲಿನ ಕಲ್ಲಿನ ಮುಖಗಳು ನಾಲ್ಕೂ ದಿಕ್ಕಿಗೆ ತಿರುಗಿರುವುದರಿಂದ ಯಾವುದಾದರೊಂದರ ಮೇಲೆ ಓರೆ ಬಿಸಿಲು ಇದ್ದೇ ಇರುತ್ತದೆ. ಹತ್ತೂವರೆ ದಾಟಿದರೆ ಬಿಸಿಲು ನೆತ್ತಿಗೆ ಏರಿ ಕಣ್ಣುಗಳೆಲ್ಲ ನೆರಳಲ್ಲಿ ಮುಳುಗುತ್ತವೆ. ಆಗ ಕ್ಯಾಮೆರಾ ಮುಚ್ಚಿ ಊಟ ಮಾಡಿ.

ಟಿಕೆಟ್ ಒಂದು ದಿನಕ್ಕೆ 37 ಡಾಲರ್. ಹಿಂದಿನ ಸಂಜೆ 5ರ ನಂತರ ಮರುದಿನದ ಟಿಕೆಟ್ ತೆಗೆದುಕೊಳ್ಳಬಹುದು. ಟಿಕೆಟ್ ಕೌಂಟರ್ ಗುಡಿಯ ಬಾಗಿಲಲ್ಲಿಲ್ಲ. ಕತ್ತಲಲ್ಲಿ ಕೈಬೀಸಿಕೊಂಡು ಬಂದವರನ್ನು ದಾರಿಯಲ್ಲೇ ವಾಪಸ್ ಕಳಿಸುತ್ತಾರೆ, ಸೂರ್ಯ ಕಾಯುವುದಿಲ್ಲ. ಡಾಲರ್ ನೋಟು ಹರಿದಿದ್ದರೆ ಅಂಗಡಿಯವರು ಮುಟ್ಟುವುದಿಲ್ಲ.

ಪ್ರಶ್ನೆ: ತಾ ಪ್ರೋಮ್ ಗುಡಿಯ ಗೋಡೆಗಳನ್ನು ತಬ್ಬಿದ ಮರದ ಬೇರುಗಳು ನನ್ನ ಚಿತ್ರಗಳಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾಗಿವೆ, ಬಾಗಿಲು ಮಾತ್ರ ಕಪ್ಪು. ಗೋಡೆಗಳೆಲ್ಲ ಹಸಿರು. ತಪ್ಪು ಎಲ್ಲಿ?

ಉತ್ತರ: ತಪ್ಪು ಮರದ್ದೂ ಹೌದು. ಆ ದೊಡ್ಡ ಬೇರುಗಳಲ್ಲಿ ಹಲವು ಟೆಟ್ರಾಮೆಲಿಸ್ ನ್ಯೂಡಿಫ್ಲೋರಾ ಎಂಬ ಮರದವು (ನಮ್ಮ ಪಶ್ಚಿಮಘಟ್ಟದಲ್ಲೂ ಇದು ಬೆಳೆಯುತ್ತದೆ). ತೊಗಟೆ ತಿಳಿ ಬಣ್ಣದ್ದು, ನುಣುಪು. ಎಲೆಗಳ ಸಂದಿಯಿಂದ ಬಿದ್ದ ಒಂದು ತುಂಡು ಬಿಸಿಲಿಗೇ ಅದು ಹೊಳೆಯುತ್ತದೆ. ಪಕ್ಕದ ಕಲ್ಲು ಪಾಚಿ ಹಿಡಿದು ಕಪ್ಪಾಗಿರುತ್ತದೆ. ಕ್ಯಾಮೆರಾ ಕಪ್ಪನ್ನು ಲೆಕ್ಕಕ್ಕೆ ಹಿಡಿದು ಬೆಳಕು ಹೆಚ್ಚಿಸುತ್ತದೆ, ಚಿತ್ರದಲ್ಲಿ ಬೇರು ವಿವರವಿಲ್ಲದ ಬರೀ ಬಿಳುಪಾಗಿ ಸುಟ್ಟುಹೋಗುತ್ತದೆ.

ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ತೆಗೆಯಿರಿ, ಎಕ್ಸ್‌ಪೋಶರನ್ನು ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧಕ್ಕೆ) ಇಳಿಸಿ ಬೇರಿನ ವಿವರ ಉಳಿಸಿಕೊಳ್ಳಿ. ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟ ಬಿಳುಪನ್ನು ಮರಳಿ ತರಲಾಗದು. ಬಾಗಿಲೊಳಗಿನ ಕತ್ತಲೂ ಬೇಕೆಂದರೆ ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಫ್ರೇಮ್ ತೆಗೆದು ಸೇರಿಸಿ. ಗಾಳಿ ಇದ್ದರೆ ಎಲೆಗಳು ಎರಡೆರಡಾಗಿ ಮೂಡುತ್ತವೆ, ಆಗ ಮೇಲ್ಭಾಗಕ್ಕೆ ಒಂದೇ ಫ್ರೇಮ್ ಸಾಕು. ಬಿಳಿ ಆಕಾಶವನ್ನು ಚೌಕಟ್ಟಿನಿಂದ ಪೂರ್ತಿ ಹೊರಗಿಡುವುದೇ ಎಲ್ಲಕ್ಕಿಂತ ಸುಲಭದ ಪರಿಹಾರ. ಎಲೆ ಸೋಸಿದ ಬೆಳಕಿನಿಂದ ಹಸಿರು ಬರುತ್ತದೆ. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ 6000 ಕೆಲ್ವಿನ್ ಹತ್ತಿರ ನಿಲ್ಲಿಸಿ, ಉಳಿದ ಹಸಿರನ್ನು ಆಮೇಲೆ ಎಡಿಟಿಂಗ್‌ನ ಟಿಂಟ್ (ಹಸಿರು-ಕೆನ್ನೇರಳೆ ಹೊಂದಿಸುವ) ಆಯ್ಕೆಯಲ್ಲಿ ತೆಗೆಯಿರಿ. ಟ್ರೈಪಾಡ್ ಇಲ್ಲದೆ ಎಫ್ 5.6, ಸೆಕೆಂಡಿನ 1/60, ಐಎಸ್‌ಒ 1600ರಿಂದ ಶುರುಮಾಡಿ. ಮಳೆ ಬಿದ್ದ ಮೇಲೆ ಲೆನ್ಸ್ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿದರೆ ಎಲೆ, ಬೇರುಗಳ ಮೇಲಿನ ಬಿಳಿ ಮಿಂಚು ಹೋಗುತ್ತದೆ. ಒಂದೂವರೆ-ಎರಡು ಸ್ಟಾಪ್ ಬೆಳಕನ್ನೂ ಅದು ನುಂಗುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ಚಿತ್ರದಲ್ಲಿ ನಾನೂ ಇರಬೇಕು. ಅಪರಿಚಿತರ ಕೈಗೆ ಕ್ಯಾಮೆರಾ ಕೊಡಲು ಧೈರ್ಯವಿಲ್ಲ.

ಉತ್ತರ: ನೀವು ನಿಲ್ಲುವ ಜಾಗದಲ್ಲಿ ಬ್ಯಾಗ್ ಇಟ್ಟು ಅದಕ್ಕೆ ಫೋಕಸ್ ಮಾಡಿ, ಮ್ಯಾನುವಲ್‌ಗೆ ಬದಲಾಯಿಸಿ, ಇಂಟರ್ವಲ್ ಟೈಮರ್‌ಗೆ ಮೂರು ಸೆಕೆಂಡಿಗೊಂದರಂತೆ ಹತ್ತು ಚಿತ್ರ ಕೊಡಿ. ಬ್ಯಾಗ್ ಎತ್ತಿ ಬೆನ್ನಿಗೆ ಹಾಕಿಕೊಂಡು ನಡೆದಾಡಿ. ಪೋಸ್‌ಗಿಂತ ನಡಿಗೆ ಚೆನ್ನಾಗಿ ಬರುತ್ತದೆ. ಟ್ರೈಪಾಡ್ ಕಾಲು ಕೆತ್ತನೆಗೆ ತಾಗಬಾರದು, ಓಣಿಗೆ ಅಡ್ಡವಾಗಬಾರದು. ಹಗ್ಗ ಕಟ್ಟಿದ ಆಚೆಗೆ, ಉರುಳಿದ ಕಲ್ಲುಗಳ ಮೇಲೆ ಹತ್ತಬೇಡಿ: ಪಾಚಿ ಜಾರುತ್ತದೆ, ಒಬ್ಬರೇ ಇದ್ದಾಗ ಕಾಲು ಉಳುಕಿದರೆ ದಿನ ಮುಗಿಯಿತು. ದೂರದ ಕಾಡುಗುಡಿಗಳಿಗೆ ಹೋದರೆ ಸವೆದ ಕಾಲುದಾರಿ ಬಿಟ್ಟು ಒಂದು ಹೆಜ್ಜೆಯೂ ಬೇಡ. ಕಾಂಬೋಡಿಯಾದ ಗ್ರಾಮಾಂತರದಲ್ಲಿ ಯುದ್ಧಕಾಲದ ನೆಲಬಾಂಬುಗಳು ಇನ್ನೂ ಪೂರ್ತಿ ತೆರವಾಗಿಲ್ಲ.

ಪ್ರಶ್ನೆ: ಬೆಳಿಗ್ಗೆ ಹೊರಗೆ ಬಂದ ಕೂಡಲೇ ಲೆನ್ಸ್ ಮಂಜಾಗುತ್ತದೆ.

ಉತ್ತರ: ಏಸಿ ಕೋಣೆಯಲ್ಲಿ ತಣ್ಣಗಾದ ಗಾಜಿನ ಮೇಲೆ ಹೊರಗಿನ ತೇವ ನೀರಾಗುತ್ತದೆ. ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಮುಚ್ಚಿ, ಬೇಕಾಗುವ ಅರ್ಧ ಗಂಟೆ ಮೊದಲೇ ಏಸಿಯಿಂದ ಹೊರಗಿಡಿ. ಅಷ್ಟರಲ್ಲಿ ಲೆನ್ಸ್ ಬಿಚ್ಚಬೇಡಿ, ತೇವ ಸೆನ್ಸರ್ ಮೇಲೂ ಕೂರುತ್ತದೆ.

ಪ್ರಶ್ನೆ: ಆಂಕೋರ್ ವಾಟ್‌ನ ಕುರುಕ್ಷೇತ್ರದ ಉಬ್ಬುಶಿಲ್ಪ ತೆಗೆದರೆ ಚಪ್ಪಟೆಯಾಗಿ ಕಾಣುತ್ತದೆ. ಫ್ಲ್ಯಾಶ್ ಬೇಕೇ?

ಉತ್ತರ: ಬೇಡ, ಇನ್ನಷ್ಟು ಚಪ್ಪಟೆಯಾಗುತ್ತದೆ. ಆ ಶಿಲ್ಪವಿರುವುದು ಪಶ್ಚಿಮ ಮೊಗಸಾಲೆಯ ದಕ್ಷಿಣ ಭಾಗದಲ್ಲಿ, ಸುಮಾರು 49 ಮೀಟರ್ ಉದ್ದ. ಮಧ್ಯಾಹ್ನ ಮೂರರಿಂದ ನಾಲ್ಕೂವರೆಯೊಳಗೆ ಕಂಬಗಳ ನಡುವಿನಿಂದ ಓರೆ ಬೆಳಕು ಬರುವಾಗ ತೆಗೆಯಿರಿ. ಬಿಸಿಲು ನೇರ ಗೋಡೆಗೆ ಬಡಿಯತೊಡಗಿದರೆ ಆಳ ಮಾಯ. ಇಡೀ ಗೋಡೆ ಹಿಡಿಯುವ ಹಟ ಬಿಟ್ಟು, ಗೋಡೆಗೆ ಹತ್ತಿರ ನಿಂತು ಉದ್ದಕ್ಕೆ ಓರೆಯಾಗಿ ನೋಡಿ. ಎಡದಿಂದ ಕೌರವರು, ಬಲದಿಂದ ಪಾಂಡವರು, ಎಡತುದಿಯ ಕಡೆ ಶರಶಯ್ಯೆಯ ಭೀಷ್ಮ. 50 ಮಿಲಿಮೀಟರ್ ಲೆನ್ಸ್‌ನಲ್ಲಿ ಭೀಷ್ಮನ ಮೈಗೆ ನಾಟಿದ ಬಾಣಗಳನ್ನಷ್ಟೇ ತುಂಬಿಸಿದರೂ ಚಿತ್ರವಾಗುತ್ತದೆ. ಅನೇಕ ಕೈಗಳು ಸವರಿ ನುಣುಪಾದ ಭಾಗ ಮಿಂಚಿದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ನೀವು ಮುಟ್ಟಬೇಡಿ. ಸಮುದ್ರ ಮಥನದ ಶಿಲ್ಪ ಪೂರ್ವ ಮೊಗಸಾಲೆಯಲ್ಲಿದೆ, ಅದಕ್ಕೆ ಬೆಳಗಿನ ಬೆಳಕೇ ಸರಿ. ಸೂರ್ಯೋದಯದ ನಂತರ ಹೊರಡುವ ಮುನ್ನ ಅಲ್ಲಿಗೊಮ್ಮೆ ಓಡಿಬನ್ನಿ.

ಪ್ರಶ್ನೆ: ಡ್ರೋನ್ ಒಯ್ಯಬಹುದೇ? ಬಟ್ಟೆಯ ನಿಯಮ ಏನು?

ಉತ್ತರ: ಆಂಕೋರ್ ಗುಡಿಗಳನ್ನು ನೋಡಿಕೊಳ್ಳುವ ಅಪ್ಸರಾ ಪ್ರಾಧಿಕಾರದ ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ, ಮನೆಯಲ್ಲೇ ಬಿಡಿ. ಭುಜ, ಮಂಡಿ ಮುಚ್ಚಿರಬೇಕು. ಆಂಕೋರ್ ವಾಟ್‌ನ ಮೇಲಂತಸ್ತಿನ ಮೆಟ್ಟಿಲ ಬುಡದಲ್ಲಿ ಹೆಗಲಿಗೆ ಶಾಲು ಹೊದ್ದರೆ ಒಪ್ಪದಿರಬಹುದು, ತೋಳಿರುವ ಅಂಗಿಯೇ ಇರಲಿ. ಆ ಮೇಲಂತಸ್ತು ಬೌದ್ಧರ ಪವಿತ್ರ ದಿನಗಳಂದು ಮುಚ್ಚಿರುತ್ತದೆ, ದಿನ ಗೊತ್ತುಮಾಡುವ ಮೊದಲೇ ವಿಚಾರಿಸಿಕೊಳ್ಳಿ. ಭಿಕ್ಷುಗಳ ಚಿತ್ರ ಕೇಳಿಯೇ ತೆಗೆಯಿರಿ.